ಕ್ಷೀರಪಥದ ಫೋಟೋಗೆ 12 ಎಂಎಂ ಎಫ್2 ಲೆನ್ಸ್ ತಗೊಳ್ಳೋದಾ, 16 ಎಂಎಂ ಎಫ್1.4 ತಗೊಳ್ಳೋದಾ?

ಗಿರಿಸಾಲು
ಕ್ಯಾಮೆರಾ ಸೋನಿ ಎ6400, ಎಪಿಎಸ್‌-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್), 24 ಮೆಗಾಪಿಕ್ಸೆಲ್. ಕಿಟ್ ಲೆನ್ಸ್ ಎಫ್3.5ಕ್ಕಿಂತ ತೆರೆಯಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಐಎಸ್‌ಒ, ಅಂದರೆ ಬೆಳಕಿನ ಸೂಕ್ಷ್ಮತೆ, ಏರಿಸಿದರೆ ಚಿತ್ರವೆಲ್ಲ ಮರಳು ಮರಳು. ಮಳೆಗಾಲಕ್ಕೆ ಮೊದಲು ಮುಳ್ಳಯ್ಯನಗಿರಿ ಕಡೆಯಿಂದ ಕ್ಷೀರಪಥದ ನಡುಭಾಗ ತೆಗೆಯಬೇಕು. ಸಮ್ಯಾಂಗ್ 12, ಸಿಗ್ಮಾ 16, ಎರಡರಲ್ಲಿ ಯಾವುದು? 500ರ ಲೆಕ್ಕದಲ್ಲಿ (500ನ್ನ ಲೆನ್ಸಿನ ಎಂಎಂ ಸಂಖ್ಯೆಯ ಒಂದೂವರೆ ಪಟ್ಟಿನಿಂದ ಭಾಗಿಸಿದರೆ, ನಕ್ಷತ್ರ ಗೆರೆಯಾಗದ ಹಾಗೆ ಎಷ್ಟು ಸೆಕೆಂಡ್ ತೆರೆದಿಡಬಹುದು ಅಂತ ಬರತ್ತೆ) 12ಕ್ಕೆ 28 ಸೆಕೆಂಡ್ ಸಿಗತ್ತೆ, ಅದೇ ವಾಸಿ ಅನ್ನಿಸ್ತಿದೆ.

ಕಿಂಡಿಲೆಕ್ಕ
500ರ ಲೆಕ್ಕ ಬಿಡಿ. ನಿಮ್ಮ ಸೆನ್ಸರ್‌ನಲ್ಲಿ 28 ಸೆಕೆಂಡಿಗೆ ನಕ್ಷತ್ರ ಅಕ್ಕಿಕಾಳಿನ ಹಾಗೆ ಉದ್ದವಾಗತ್ತೆ. ಅದಕ್ಕಿಂತ ನಿಖರವಾದ ಎನ್‌ಪಿಎಫ್ ಸೂತ್ರ ಹಾಕಿ: ಎಫ್ ಸಂಖ್ಯೆಯನ್ನ 35ರಿಂದ, ಪಿಕ್ಸೆಲ್ ಅಳತೆಯನ್ನ 30ರಿಂದ ಗುಣಿಸಿ, ಕೂಡಿಸಿ, ಫೋಕಲ್ ಲೆಂತ್‌ನಿಂದ (ಲೆನ್ಸಿನ ಎಂಎಂ ಸಂಖ್ಯೆ) ಭಾಗಿಸಿ. ನಿಮ್ಮ ಪಿಕ್ಸೆಲ್ 3.9 ಮೈಕ್ರಾನ್. 12ಕ್ಕೆ 15 ಸೆಕೆಂಡ್ ಬರತ್ತೆ, 16ಕ್ಕೆ 10. ಎಫ್1.4ರಲ್ಲಿ ಎಫ್2ರ ಎರಡರಷ್ಟು ಬೆಳಕು ಬರೋದ್ರಿಂದ ಆ 10 ಸೆಕೆಂಡೇ ಮುಂದಿರತ್ತೆ.

ಅದಕ್ಕಿಂತ ಮುಖ್ಯ, ಬೆಳಕಿನ ಕಿಂಡಿ ಎಷ್ಟು ಅಗಲ ಅನ್ನೋದು. 12ನ್ನ 2ರಿಂದ ಭಾಗಿಸಿದರೆ 6 ಎಂಎಂ, 16ನ್ನ 1.4ರಿಂದ ಭಾಗಿಸಿದರೆ 11.4. ಮಂಕು ನಕ್ಷತ್ರಗಳು ಮೂಡೋದು ಇದರ ಮೇಲೆ. ಸಿಗ್ಮಾ ತಗೊಳ್ಳಿ.

ಮೂಲೆನೋಡಿ
ಲೆಕ್ಕ ಸರಿ, ಆದರೆ ಮೂಲೆ ಮರೀಬೇಡಿ. ಎಫ್1.4ರಲ್ಲಿ ಅಂಚಿನ ನಕ್ಷತ್ರಗಳಿಗೆ ಕೋಮಾ ಅನ್ನೋ ಲೆನ್ಸ್ ದೋಷದಿಂದ ರೆಕ್ಕೆ ಮೂಡತ್ತೆ. ನಮ್ಮ ಚಿಕ್ಕಮಗಳೂರಲ್ಲಿ ಏಪ್ರಿಲ್ ನಡುವೆ, ಬೆಳಗಿನ ಜಾವ 4:30ರ ಸುಮಾರಿಗೆ, ಕ್ಷೀರಪಥದ ಕೇಂದ್ರ ದಕ್ಷಿಣದಲ್ಲಿ 47 ಡಿಗ್ರಿ ಮೇಲಿರತ್ತೆ. 16ನ್ನ ಅಡ್ಡ ಹಿಡಿದರೆ ಮೇಲಿಂದ ಕೆಳಕ್ಕೆ ಸಿಗೋದು 52 ಡಿಗ್ರಿ. ಕೆಳಗೆ ಬೆಟ್ಟದ ಸಾಲು ಇಟ್ಟರೆ ನಿಮಗೆ ಬೇಕಾದ ಭಾಗವೇ ಅಂಚಿಗೆ ಹೋಗಿ ಕೂರತ್ತೆ. ಕ್ಯಾಮೆರಾ ಉದ್ದುದ್ದ ನಿಲ್ಲಿಸಿ, 72 ಡಿಗ್ರಿ ಸಿಗತ್ತೆ. ಎಫ್2ಕ್ಕೆ ಇಳಿಸಿ 11 ಸೆಕೆಂಡ್ ಕೊಡಿ.

ಇನ್ನೊಂದು, ಗಿರಿ ಮೇಲಿಂದ ನೋಡಿದರೆ ಊರಿನ ದೀಪಗಳೆಲ್ಲ ಆಗ್ನೇಯಕ್ಕೆ. ಕ್ಷೀರಪಥದ ಕೇಂದ್ರ ಹುಟ್ಟೋದೂ ಅದೇ ದಿಕ್ಕಲ್ಲಿ. ಹುಟ್ಟಿದ ಕೂಡಲೇ ತೆಗೆದರೆ ಕಿತ್ತಳೆ ಮಬ್ಬು ಬರತ್ತೆ, ಯಾವ ಲೆನ್ಸೂ ಕಾಪಾಡಲ್ಲ. ಅದು ದಕ್ಷಿಣಕ್ಕೆ ಏರೋತನಕ ಕಾಯಿರಿ.

ಕಿಂಡಿಲೆಕ್ಕ
ಒಪ್ಪಿದೆ. ಎಫ್2ಕ್ಕೆ ಇಳಿಸಿದರೂ ಕಿಂಡಿ 8 ಎಂಎಂ ಉಳಿಯತ್ತೆ, 12ಕ್ಕಿಂತ ದೊಡ್ಡದೇ. ಒಂದೇ ಫ್ರೇಮ್ ನಂಬಬೇಡಿ, 16 ಫ್ರೇಮ್ ತೆಗೆದು ಸೀಕ್ವೇಟರ್‌ನಲ್ಲಿ (ಫ್ರೇಮ್‌ಗಳನ್ನ ಒಟ್ಟು ಸೇರಿಸೋ ಸಾಫ್ಟ್‌ವೇರ್) ಸೇರಿಸಿ. ನಾಯ್ಸ್, ಅಂದರೆ ಆ ಮರಳು, ಕಾಲು ಭಾಗಕ್ಕೆ ಇಳಿಯತ್ತೆ.

ಇಬ್ಬನಿ
ಸಮ್ಯಾಂಗ್ ಪರವಾಗಿ ಒಂದು ಮಾತು: ಅದರ ಮ್ಯಾನುಯಲ್ ಮಾದರಿಯ ರಿಂಗ್ ನೇರ ಗಾಜನ್ನೇ ತಿರುಗಿಸತ್ತೆ, ಫೋಕಸ್ ಮಾಡಿ ಟೇಪ್ ಅಂಟಿಸಿದರೆ ರಾತ್ರಿಯಿಡೀ ನಿಲ್ಲತ್ತೆ. ಸಿಗ್ಮಾದ್ದು ಮೋಟಾರ್ ಫೋಕಸ್, ಕ್ಯಾಮೆರಾ ಆಫ್ ಮಾಡಿದರೆ ಮತ್ತೆ ಮೊದಲಿಂದ ಮಾಡಬೇಕು. ಬ್ಯಾಟರಿ ಬದಲಿಸಿದಾಗ ಎಲ್ಲರೂ ಮರೆಯೋದು ಇದನ್ನೇ. ಜ್ಯೇಷ್ಠಾ ನಕ್ಷತ್ರವನ್ನ ಪರದೆ ಮೇಲೆ ಪೂರ್ತಿ ಹಿಗ್ಗಿಸಿ, ಅತಿ ಚಿಕ್ಕ ಚುಕ್ಕೆ ಆಗೋವರೆಗೆ ತಿರುಗಿಸಿ.

ಯಾವುದೇ ತಗೊಂಡ್ರೂ ವಾಪಸ್ ಕೊಡೋ ಅವಧಿ ಮುಗಿಯೋದ್ರೊಳಗೆ ಪರೀಕ್ಷೆ ಮಾಡಿ. ನಡುವೆ ಫೋಕಸ್ ಮಾಡಿ, ಅದೇ ನಕ್ಷತ್ರವನ್ನ ನಾಲ್ಕೂ ಮೂಲೆಗೆ ತಂದು ಒಂದೊಂದು ಫೋಟೋ ತೆಗೀರಿ. ನಾಲ್ಕೂ ಕಡೆ ಒಂದೇ ತರಹದ ರೆಕ್ಕೆ ಇದ್ದರೆ ಅದು ಲೆನ್ಸಿನ ಗುಣ. ಒಂದೇ ಮೂಲೆ ಕೆಟ್ಟಿದ್ದರೆ ಗಾಜು ಓರೆ ಕೂತಿದೆ, ವಾಪಸ್ ಕೊಡಿ.

ಗಿರಿಸಾಲು
ಸಿಗ್ಮಾ ತಗೋತೀನಿ. ಲೆನ್ಸ್ ಮೇಲೆ ಕಟ್ಟೋ ಇಬ್ಬನಿಗೆ ಏನು ಮಾಡೋದು?

ಇಬ್ಬನಿ
ಪವರ್ ಬ್ಯಾಂಕಿಂದ ನಡೆಯೋ 5 ವೋಲ್ಟ್ ಹೀಟರ್ ಪಟ್ಟಿ. ಮುಂದಿನ ಗಾಜಿನ ಹತ್ತಿರ ಕಟ್ಟಿ, ಫೋಕಸ್ ರಿಂಗ್‌ಗೆ ತಾಗಬಾರದು. ಮಬ್ಬು ಕಟ್ಟೋಕೆ ಮೊದಲೇ ಆನ್ ಮಾಡಿ. ಕಟ್ಟಿದ ಮೇಲೆ ಒರೆಸಿದರೆ ಗಾಜು ತಣ್ಣಗೇ ಇರೋದ್ರಿಂದ ತಕ್ಷಣ ಮತ್ತೆ ಕಟ್ಟತ್ತೆ.