‘ಬೈ ದ ಟೈಮ್’ ಕಂಡ ಕೂಡಲೇ ‘ವಿಲ್ ಹ್ಯಾವ್’ ಹಾಕಿಬಿಡಬಹುದೇ?

ಹಾದಿಹುಡುಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ಪತ್ರಿಕೆಯಲ್ಲಿ ಫ್ಯೂಚರ್ ಪರ್ಫೆಕ್ಟ್ (ಮುಂದಿನ ಒಂದು ಹೊತ್ತಿಗೆ ಕೆಲಸ ಮುಗಿದಿರುತ್ತದೆ ಎನ್ನುವ ಕಾಲರೂಪ) ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬುದು ಖಚಿತವಾಗಬೇಕಿದೆ. ‘ಬೈ’ ಅಥವಾ ‘ಬೈ ದ ಟೈಮ್’ ಇದ್ದರೆ ‘ವಿಲ್ ಹ್ಯಾವ್’, ಅದರ ಮುಂದೆ ಕ್ರಿಯಾಪದದ ಮೂರನೇ ರೂಪ. ಗೈಡುಗಳಲ್ಲಿ ಇರುವ ಸೂತ್ರ ಇಷ್ಟೇ. ಇದನ್ನೇ ಹಿಡಿದು ಹೊರಟರೆ ಕೆಳಗಿನವುಗಳಲ್ಲಿ 1, 2 ಮತ್ತು 5 ಕೀ ಉತ್ತರಕ್ಕೆ ಹೊಂದುವುದಿಲ್ಲ. 4ರಲ್ಲಿ ಭವಿಷ್ಯದ ಮಾತೇ ಇಲ್ಲ, ಆದರೂ ಕೀ ಉತ್ತರದಲ್ಲಿ ‘ವಿಲ್ ಹ್ಯಾವ್ ರೀಚ್ಡ್’ ಎಂದೇ ಇದೆ.

1. ಬೈ ದ ಟೈಮ್ ದ ಗೆಸ್ಟ್ಸ್ ____, ವಿ ____ ಲಂಚ್. ಕ್ರಿಯಾಪದಗಳು: ಅರೈವ್, ಕುಕ್.
2. ಬೈ 2030 ಶಿ ____ ಎ ಡಾಕ್ಟರ್. ಕ್ರಿಯಾಪದ: ಬಿ.
3. ಬೈ ನೆಕ್ಸ್ಟ್ ಜೂನ್ ದೇ ____ ಹಿಯರ್ ಫಾರ್ ಟೆನ್ ಇಯರ್ಸ್. ಕ್ರಿಯಾಪದ: ಲಿವ್.
4. ಇಟ್ ಈಸ್ ನೈನ್. ದ ಬಸ್ ____ ಹಾಸನ ಬೈ ನೌ. ಕ್ರಿಯಾಪದ: ರೀಚ್.
5. ಐ ವಿಲ್ ಕಾಲ್ ಯು ವೆನ್ ಐ ____ ದ ವರ್ಕ್. ಕ್ರಿಯಾಪದ: ಫಿನಿಶ್.

ಸೂತ್ರದ ಹಿಂದಿನ ಕಾರಣ ಬಿಡಿಸಿ ಹೇಳಿದರೆ ಉಪಕಾರ.

ಪದಪರೀಕ್ಷೆ

‘ಬೈ’ ಹೇಳುವುದು ಗಡುವನ್ನು ಮಾತ್ರ. ಆ ಗಡುವಿನಲ್ಲಿ ನಿಂತು ಹಿಂದಿರುಗಿ ನೋಡಿದಾಗ ಕೆಲಸ ಮುಗಿದು ಬಿದ್ದಿದೆಯೇ ಎಂಬುದನ್ನು ‘ವಿಲ್ ಹ್ಯಾವ್’ ಹೇಳುತ್ತದೆ. ಇವೆರಡು ಬೇರೆ ಬೇರೆ ಸಂಗತಿಗಳು. ಹೆಚ್ಚಾಗಿ ಜೊತೆಯಲ್ಲಿ ಬರುತ್ತವೆ ಎಂಬ ಕಾರಣಕ್ಕೆ ಗೈಡುಗಳು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿವೆ.

1ನೆಯದನ್ನು ಕನ್ನಡದಲ್ಲಿ ಹೇಳಿ ನೋಡಿ: ‘ಅತಿಥಿಗಳು ಬರುವಷ್ಟರಲ್ಲಿ ಅಡುಗೆ ಮಾಡಿರುತ್ತೇವೆ.’ ‘ಮಾಡಿರುತ್ತೇವೆ’ ಎಂಬುದೇ ‘ವಿಲ್ ಹ್ಯಾವ್ ಕುಕ್ಡ್’. ಅತಿಥಿಗಳ ಬರವು ಗಡುವನ್ನು ಗುರುತಿಸಲು ಇಟ್ಟ ಉಪವಾಕ್ಯ. ಇಂಗ್ಲಿಷಿನಲ್ಲಿ ಸಮಯ ಸೂಚಿಸುವ ಉಪವಾಕ್ಯದೊಳಗೆ ‘ವಿಲ್’ಗೆ ಪ್ರವೇಶವಿಲ್ಲ, ಅಲ್ಲಿ ವರ್ತಮಾನದ ರೂಪವೇ ಬರಬೇಕು. ಆದ್ದರಿಂದ ‘ಬೈ ದ ಟೈಮ್ ದ ಗೆಸ್ಟ್ಸ್ ಅರೈವ್, ವಿ ವಿಲ್ ಹ್ಯಾವ್ ಕುಕ್ಡ್ ಲಂಚ್’. ‘ಬರುವ’ ಎಂಬ ರೂಪದಲ್ಲಿ ಭವಿಷ್ಯದ ಛಾಯೆ ಇರುವುದರಿಂದ ನಮ್ಮ ಬಾಯಿಗೆ ‘ವಿಲ್ ಅರೈವ್’ ತಾನಾಗಿಯೇ ಬಂದುಬಿಡುತ್ತದೆ. ತಪ್ಪು ಹುಟ್ಟುವ ಜಾಗ ಅದು.

5ಕ್ಕೂ ಇದೇ ನಿಯಮ. ಇಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. ‘ಕೆಲಸ ಮುಗಿದ ಮೇಲೆ ಫೋನ್ ಮಾಡುತ್ತೇನೆ’ ಎನ್ನುತ್ತೇವೆ, ‘ಮುಗಿಯುವ ಮೇಲೆ’ ಎನ್ನುವುದಿಲ್ಲ. ಮುಂದೆ ಆಗಬೇಕಾದ ಕೆಲಸವೇ ಆದರೂ ‘ಮೇಲೆ’ಯ ಹಿಂದೆ ಭವಿಷ್ಯದ ಗುರುತು ಬರುವುದಿಲ್ಲ. ಇಂಗ್ಲಿಷ್ ಅಲ್ಲಿ ‘ಹ್ಯಾವ್ ಫಿನಿಶ್ಡ್’ ಬಳಸುತ್ತದೆ: ‘ವೆನ್ ಐ ಹ್ಯಾವ್ ಫಿನಿಶ್ಡ್ ದ ವರ್ಕ್’. ‘ವೆನ್ ಐ ಫಿನಿಶ್’ ಕೂಡ ಸರಿಯೇ. ‘ವೆನ್ ಐ ವಿಲ್ ಹ್ಯಾವ್ ಫಿನಿಶ್ಡ್’ ಮಾತ್ರ ಸಲ್ಲದು. ಬಿಫೋರ್, ಆಫ್ಟರ್, ಅಂಟಿಲ್, ಆಸ್ ಸೂನ್ ಆಸ್, ಇವುಗಳಿಗೂ ಇದೇ ಲೆಕ್ಕ.

2ರಲ್ಲಿ ತೊಡಕು ಇರುವುದು ಕ್ರಿಯಾಪದದಲ್ಲಿ. ‘ಬಿ’ ಎಂದರೆ ಇರುವಿಕೆ. ಅದು ಮುಗಿಯುವ ಕೆಲಸವಲ್ಲ, ಹಾಗಾಗಿ ‘ಶಿ ವಿಲ್ ಬಿ ಎ ಡಾಕ್ಟರ್’. ಕ್ರಿಯಾಪದ ‘ಬಿಕಮ್’ ಎಂದು ಕೊಟ್ಟಿದ್ದರೆ ‘ವಿಲ್ ಹ್ಯಾವ್ ಬಿಕಮ್’ ಸರಿಯಾಗುತ್ತಿತ್ತು. ಕನ್ನಡದ ‘ಡಾಕ್ಟರ್ ಆಗಿರುತ್ತಾಳೆ’ ಇವೆರಡನ್ನೂ ಒಟ್ಟಿಗೆ ಹೇಳಿಬಿಡುವುದರಿಂದ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವಧಿಯೊಂದು ಸೇರಿದರೆ ಚಿತ್ರ ಬದಲಾಗುತ್ತದೆ: ‘ಬೈ 2030 ಶಿ ವಿಲ್ ಹ್ಯಾವ್ ಬೀನ್ ಎ ಡಾಕ್ಟರ್ ಫಾರ್ ಫೈವ್ ಇಯರ್ಸ್’.

ಮೇಷ್ಟ್ರ ಚೀಲ

ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. ‘ಮಾಡಿರುತ್ತೇವೆ’ಯಂಥ ರೂಪಗಳ ಕೊನೆಗೆ ಬರುವ ‘ಇರುತ್ತದೆ’ ಒಳ್ಳೆಯ ಸುಳಿವು ನಿಜ, ಆದರೆ ಕನ್ನಡದಲ್ಲಿ ಅದು ಮಾಡುವ ಕೆಲಸ ಒಂದಲ್ಲ.

‘ನಾಳೆ ನೀನು ಬರುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ’ ಎಂಬುದು ನಿಜವಾದ ಫ್ಯೂಚರ್ ಪರ್ಫೆಕ್ಟ್. ‘ಈಗ ಒಂಬತ್ತಾಯಿತಲ್ಲ, ಬಸ್ಸು ಹಾಸನ ಮುಟ್ಟಿರುತ್ತದೆ’ ಎಂಬುದು ಊಹೆ. ನಿಮ್ಮ 4ನೇ ವಾಕ್ಯ ಇದೇ. ಇಂಗ್ಲಿಷಿನಲ್ಲೂ ಈ ಊಹೆಗೆ ‘ವಿಲ್ ಹ್ಯಾವ್’ ಬಳಕೆಯಲ್ಲಿದೆ, ಅದಕ್ಕೇ ‘ಬೈ ನೌ’ ಜೊತೆ ಹೊಂದುತ್ತದೆ. ಅಲ್ಲಿ ‘ವಿಲ್’ ಕಾಲವನ್ನು ಹೇಳುತ್ತಿಲ್ಲ, ಹೇಳುವವರ ನಂಬಿಕೆಯನ್ನು ಹೇಳುತ್ತಿದೆ. ನಂಬಿಕೆ ಸಡಿಲವಾದರೆ ‘ಮುಟ್ಟಿರಬಹುದು’, ಅಂದರೆ ‘ಮೇ ಹ್ಯಾವ್ ರೀಚ್ಡ್’. ಸಾಕ್ಷಿ ನೋಡಿ ತೀರ್ಮಾನಿಸಿದರೆ ‘ಮುಟ್ಟಿರಬೇಕು’, ಅಂದರೆ ‘ಮಸ್ಟ್ ಹ್ಯಾವ್ ರೀಚ್ಡ್’. ಎರಡು ಭಾಷೆಗಳೂ ಇಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತವೆ. ಒಂದು ಮಾತು: ‘ರೀಚ್ಡ್ ಟು ಹಾಸನ’ ಎನ್ನಬೇಡಿ. ‘ಹಾಸನಕ್ಕೆ’ ಎಂಬುದರ ‘ಕ್ಕೆ’ ನಮ್ಮಿಂದ ಆ ‘ಟು’ ಹಾಕಿಸುತ್ತದೆ.

ಮೂರನೆಯದು ವಾಡಿಕೆ: ‘ದಿನಾ ಎಂಟಕ್ಕೆಲ್ಲ ಅಂಗಡಿ ತೆರೆದಿರುತ್ತದೆ.’ ಇದಕ್ಕೆ ‘ವಿಲ್ ಹ್ಯಾವ್ ಓಪನ್ಡ್’ ಹೊಂದದು. ‘ದ ಶಾಪ್ ಈಸ್ ಓಪನ್ ಬೈ ಏಟ್ ಎವ್ರಿ ಡೇ’ ಸಾಕು.

ನಾಲ್ಕನೆಯದು ಕಚೇರಿ ಕನ್ನಡ. ಅನುವಾದದ ಪ್ರಶ್ನೆ ಬರೆಯುವವರು ಎಡವುವುದು ಇಲ್ಲೇ. ‘ಸದರಿ ಅರ್ಜಿದಾರರು ದಿನಾಂಕ 12ರಂದು ಅರ್ಜಿ ಸಲ್ಲಿಸಿರುತ್ತಾರೆ’ ಎಂಬಲ್ಲಿ ಭವಿಷ್ಯವೂ ಇಲ್ಲ, ಊಹೆಯೂ ಇಲ್ಲ. ಆಗಿಹೋದ ಸಂಗತಿಯನ್ನು ಟಿಪ್ಪಣಿಯ ಶೈಲಿಯಲ್ಲಿ ಹೇಳಿದ್ದಾರೆ. ಇಂಗ್ಲಿಷಿಗೆ ‘ಸಬ್ಮಿಟೆಡ್’ ಎಂದೇ ತರಬೇಕು. ದಿನಾಂಕ ಇರುವುದರಿಂದ ‘ಹ್ಯಾಸ್ ಸಬ್ಮಿಟೆಡ್’ ಕೂಡ ಸರಿಬರುವುದಿಲ್ಲ.

ಹಾದಿಹುಡುಕಿ

ಇಬ್ಬರಿಗೂ ಧನ್ಯವಾದ. ‘ಆಗಿರುತ್ತಾಳೆ’ಯ ಒಳಗೆ ಎರಡು ಅರ್ಥ ಇರುವುದು ಈಗ ಸ್ಪಷ್ಟವಾಯಿತು. ಇನ್ನೆರಡು ಉಳಿದಿವೆ. 3ರಲ್ಲಿ ‘ವಿಲ್ ಹ್ಯಾವ್ ಲಿವ್ಡ್’ ಸರಿಯೋ, ‘ವಿಲ್ ಹ್ಯಾವ್ ಬೀನ್ ಲಿವಿಂಗ್’ ಸರಿಯೋ? ‘ಐ ವಿಲ್ ಫಿನಿಶ್ ಬೈ ಫೈವ್’ ತಪ್ಪೇ?

ಕ್ರಿಯಾಪದದ ಬೆನ್ನುಹತ್ತಿ

3ರಲ್ಲಿ ಎರಡೂ ಸರಿ. ಲಿವ್, ವರ್ಕ್, ಟೀಚ್‌ನಂಥ ಕ್ರಿಯಾಪದಗಳಿಗೆ ‘ಫಾರ್’ ಜೊತೆ ಅವಧಿ ಬಂದಾಗ ಅರ್ಥ ಹೆಚ್ಚು ಬೇರೆಯಾಗುವುದಿಲ್ಲ. ಆಯ್ಕೆಗಳಲ್ಲಿ ಎರಡೂ ಇದ್ದರೆ ಪ್ರಶ್ನೆಯಲ್ಲೇ ದೋಷವಿದೆ ಎನ್ನಬೇಕು. ಕನ್ನಡದಲ್ಲಿ ಈ ವಾಕ್ಯ ‘ಅವರು ಇಲ್ಲಿಗೆ ಬಂದು ಜೂನ್‌ಗೆ ಹತ್ತು ವರ್ಷ ಆಗುತ್ತದೆ’ ಎಂದು ಬರುತ್ತದೆ, ‘ಇರುತ್ತದೆ’ಯ ಸುಳಿವೇ ಸಿಗುವುದಿಲ್ಲ. ಇಂಥಲ್ಲಿ ‘ಎಷ್ಟು ಕಾಲ ಆಗುತ್ತದೆ’ ಎಂಬ ಅರ್ಥ ಕಂಡರೆ ‘ವಿಲ್ ಹ್ಯಾವ್’ ಬಗ್ಗೆ ಯೋಚಿಸಿ.

ವ್ಯತ್ಯಾಸ ಬರುವುದು ಎಣಿಕೆ ಇದ್ದಾಗ. ‘ಐದು ಅಧ್ಯಾಯ ಬರೆದಿರುತ್ತೇನೆ’ ಎಂದರೆ ‘ವಿಲ್ ಹ್ಯಾವ್ ರಿಟನ್ ಫೈವ್ ಚಾಪ್ಟರ್ಸ್’ ಮಾತ್ರ. ಎಷ್ಟು ಆಯಿತು ಎಂದು ಎಣಿಸುವಾಗ ‘ಬೀನ್ ರೈಟಿಂಗ್’ ನಿಲ್ಲುವುದಿಲ್ಲ. ನೋ (ತಿಳಿದಿರು), ಓನ್, ಬಿಲೀವ್‌ನಂಥ ಸ್ಥಿತಿ ಸೂಚಕಗಳಿಗೂ ‘ಇಂಗ್’ ಹತ್ತುವುದಿಲ್ಲ: ‘ವಿ ವಿಲ್ ಹ್ಯಾವ್ ನೋನ್ ಈಚ್ ಅದರ್ ಫಾರ್ ಟೆನ್ ಇಯರ್ಸ್’.

‘ಬೀನ್’ ಕಂಡೊಡನೆ ‘ಇಂಗ್’ ಅಂಟಿಸುವ ಅಭ್ಯಾಸವೂ ಕೆಟ್ಟದ್ದು. ರಸ್ತೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವುದಿಲ್ಲ, ಆದ್ದರಿಂದ ‘ದ ರೋಡ್ ವಿಲ್ ಹ್ಯಾವ್ ಬೀನ್ ರಿಪೇರ್ಡ್ ಬೈ ಮಂಡೇ’. ಕೆಲಸಗಾರರು ಕರ್ತೃವಾದರೆ, ಜೊತೆಗೆ ಅವಧಿಯೂ ಇದ್ದರೆ, ‘ವಿಲ್ ಹ್ಯಾವ್ ಬೀನ್ ರಿಪೇರಿಂಗ್’. ಖಾಲಿ ಜಾಗ ತುಂಬುವ ಮೊದಲು ಕರ್ತೃ ಕೆಲಸ ಮಾಡುತ್ತಿದೆಯೋ ಮಾಡಿಸಿಕೊಳ್ಳುತ್ತಿದೆಯೋ ನೋಡಿ.

‘ಐ ವಿಲ್ ಫಿನಿಶ್ ಬೈ ಫೈವ್’ ತಪ್ಪಲ್ಲ. ಅದು ‘ಐದರೊಳಗೆ ಮುಗಿಸುತ್ತೇನೆ’ ಎಂಬ ಮಾತು ಕೊಡುವಿಕೆ. ‘ವಿಲ್ ಹ್ಯಾವ್ ಫಿನಿಶ್ಡ್’ ಎಂದರೆ ‘ಐದಕ್ಕೆ ನೋಡಿದರೆ ಮುಗಿಸಿರುತ್ತೇನೆ’ ಎಂದು ಆ ಹೊತ್ತಿನ ಸ್ಥಿತಿ ಹೇಳುವುದು. ಎರಡೂ ಆಯ್ಕೆಗಳಲ್ಲಿದ್ದರೆ ಪರೀಕ್ಷೆಯವರು ಕೇಳುತ್ತಿರುವುದು ಸಾಮಾನ್ಯವಾಗಿ ಎರಡನೆಯದನ್ನೇ.

ಮೇಷ್ಟ್ರ ಚೀಲ

ರೂಪದ ತಪ್ಪುಗಳನ್ನೂ ಹೇಳಿಬಿಡುತ್ತೇನೆ, ಇವು ಅಂಕ ತಿನ್ನುತ್ತವೆ. ‘ಹಿ ವಿಲ್ ಹ್ಯಾಸ್’ ಎಂಬುದಿಲ್ಲ. ‘ವಿಲ್’ ನಂತರ ಕ್ರಿಯಾಪದದ ಮೂಲರೂಪವೇ ಬರಬೇಕಾದ್ದರಿಂದ ಹಿ, ಶಿ, ಇಟ್ ಏನೇ ಇದ್ದರೂ ‘ಹ್ಯಾವ್’. ‘ವಿಲ್ ಹ್ಯಾವ್ ವೆಂಟ್’ ಅಲ್ಲ, ‘ಗಾನ್’; ‘ಬಿಗ್ಯಾನ್’ ಅಲ್ಲ, ‘ಬಿಗನ್’. ‘ವಿಲ್ ಹ್ಯಾವ್ ಗಾನ್ ಟು ಡೆಲ್ಲಿ’ ಎಂದರೆ ಹೋದವರು ಇನ್ನೂ ಹಿಂತಿರುಗಿಲ್ಲ. ಹೋಗಿ ಬಂದ ಸಲಗಳನ್ನು ಎಣಿಸುವಾಗ ‘ವಿಲ್ ಹ್ಯಾವ್ ಬೀನ್ ಟು ಡೆಲ್ಲಿ ತ್ರೀ ಟೈಮ್ಸ್’.

‘ಬೈ’ ಮತ್ತು ‘ಅಂಟಿಲ್’ ಅದಲುಬದಲು ಮಾಡುವುದು ಇನ್ನೊಂದು. ‘ಐದರ ಹೊತ್ತಿಗೆ’ ಅಥವಾ ‘ಐದರೊಳಗೆ’ ಎಂದರೆ ಬೈ. ‘ಐದರ ತನಕ’ ಎಂದರೆ ಅಂಟಿಲ್, ಅದಕ್ಕೆ ‘ವಿಲ್ ಬಿ ವರ್ಕಿಂಗ್ ಅಂಟಿಲ್ ಫೈವ್’. ‘ಶುಕ್ರವಾರದವರೆಗೆ ಅರ್ಜಿ ಸಲ್ಲಿಸಬಹುದು’ ಎಂಬ ಪ್ರಕಟಣೆಯ ಗುಂಗಿನಲ್ಲಿ ‘ವಿಲ್ ಹ್ಯಾವ್ ಸಬ್ಮಿಟೆಡ್ ಟಿಲ್ ಫ್ರೈಡೇ’ ಎಂದು ಬರೆಯುವವರಿದ್ದಾರೆ. ಅಲ್ಲಿ ‘ಬೈ ಫ್ರೈಡೇ’ ಆಗಬೇಕು.