ವಸತಿರಹಿತರ ಕೇಂದ್ರ ಅರ್ಧ ಖಾಲಿ, ಫ್ಲೈಓವರ್ ಕೆಳಗೆ ಭರ್ತಿ: ಎಲ್ಲಿಂದ ಶುರು ಮಾಡೋದು?

ಹೊಸಸಂಘಟಕ: ಪಾಲಿಕೆಯಲ್ಲಿ ಸಮುದಾಯ ಸಂಘಟಕನ ಕೆಲಸ. 50 ಹಾಸಿಗೆಯ ಒಂದು ಆಶ್ರಯ ಕೇಂದ್ರದ ಹೊಣೆ ಬಂದಿದೆ, ಮಾರ್ಕೆಟ್ ಹತ್ತಿರ. ರಾತ್ರಿ ಹೋದರೆ 20 ಜನ ಇರಲ್ಲ. ವಾರ್ಡಿನಲ್ಲಿ ಬೀದಿಯಲ್ಲಿ ಮಲಗೋರನ್ನು ಎಣಿಸುವ ರಾತ್ರಿ ಸಮೀಕ್ಷೆಯೂ ನನ್ನದೇ. ಮೊದಲು ಯಾವುದನ್ನು ಹಿಡಿಯಲಿ?

ರಾತ್ರಿಪಾಳಿ: ಮೊದಲು ಬೋರ್ಡ್ ನೋಡಿ. ಅದರ ಮೇಲೆ 'ನಿರಾಶ್ರಿತರ ಕೇಂದ್ರ' ಅಂತಿದ್ದರೆ ಇವತ್ತೇ ಅಳಿಸಿ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇಡುವ ಜಾಗ. ಬೀದಿಯಲ್ಲಿ ಮಲಗೋರಿಗೆ ಆ ಪದ ಕೇಳಿದರೆ ವ್ಯಾನ್ ನೆನಪಾಗುತ್ತೆ. 'ತಂಗುದಾಣ, ಉಚಿತ, ಗುರುತಿನ ಚೀಟಿ ಬೇಡ' ಅಂತ ಬರೆಸಿ, ಕೆಳಗೆ ತಮಿಳು, ತೆಲುಗು, ಹಿಂದಿ, ಉರ್ದುವಿನಲ್ಲೂ.

ಎರಡನೆಯದು, ಸಮಯ. ಮಾರ್ಕೆಟ್‌ನಲ್ಲಿ ಲೋಡ್ ಇಳಿಸೋದು ನಡುರಾತ್ರಿ ಮೇಲೆ. ಆ ಹಮಾಲಿಗಳು ಮಲಗೋದೇ ಹಗಲು. ಬೆಳಗ್ಗೆ 8ಕ್ಕೆ ಎಬ್ಬಿಸಿ ಬೀಗ ಹಾಕುವ ಕೇಂದ್ರ ಅವರಿಗೆ ಯಾಕೆ? ನಲ್ಮ್ (ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್, 2024ರಲ್ಲಿ ಮುಗಿಯಿತು) ಮಾರ್ಗಸೂಚಿಯಲ್ಲಿ ಇದ್ದದ್ದು ವರ್ಷವಿಡೀ, 24 ಗಂಟೆ ತೆರೆದಿರುವ ಕೇಂದ್ರ. ಬರೀ 'ನೈಟ್ ಶೆಲ್ಟರ್' ಅಲ್ಲ.

ಮೂರನೆಯದು ಗಂಟು. ಹಾಸಿಗೆ ಕೊಟ್ಟು ಲಾಕರ್ ಕೊಡದಿದ್ದರೆ ಜನ ಬರಲ್ಲ. ಚಿಂದಿ ಆಯೋರ ಮೂಟೆ ಅಂದರೆ ನಾಳೆಯ ಕೂಲಿ. ಅದನ್ನು ಹೊರಗಿಟ್ಟು ಒಳಗೆ ಯಾರು ಮಲಗ್ತಾರೆ? ಗೇಟಿನ ಒಳಗೇ ಮೂಟೆಗೊಂದು ಮೂಲೆ, ನಂಬರಿನ ಬಿಲ್ಲೆ. ಗಂಡಸರಿಗೆ ಮಾತ್ರ ಇರುವ ಕೇಂದ್ರವಾದರೆ ಕುಟುಂಬಗಳು ಬರಲ್ಲ ಅಂತ ದೂರಬೇಡಿ, ಅವರಿಗೆ ಬೇರೆ ಕೇಂದ್ರವೇ ಬೇಕು.

ಲೆಕ್ಕದಪುಸ್ತಕ: ಮೇಲಿನವರು ಸಿಬ್ಬಂದಿ ವಿಷಯ ಬಿಟ್ಟರು. ಒಬ್ಬ ಮ್ಯಾನೇಜರ್, 8 ಗಂಟೆಯ ಪಾಳಿಗೆ ಒಬ್ಬರಂತೆ ಮೂವರು ಕೇರ್‌ಟೇಕರ್. ಈಗ ಗುಣಿಸಿ: ದಿನಕ್ಕೆ 3 ಪಾಳಿ, ವಾರಕ್ಕೆ 21. ಮೂವರೂ ವಾರದ ರಜೆ ತಗೊಂಡರೆ ತುಂಬೋದು 18. ಉಳಿದ 3 ಪಾಳಿ ಯಾರದ್ದೂ ಅಲ್ಲ. ಷಟರ್ ಎಳೆದಿರೋದು ಸಾಮಾನ್ಯವಾಗಿ ಆ ಮೂರರಲ್ಲೇ, ಭಾನುವಾರ ರಾತ್ರಿ ಹೋಗಿ ನೋಡಿ. ಕೇಂದ್ರ ನಡೆಸುವ ಸಂಸ್ಥೆಯ ಒಪ್ಪಂದದಲ್ಲೇ ಬದಲಿ ಆಳು ಬರೆಸಿ. 50 ಹಾಸಿಗೆಗೆ ನಲ್ಮ್ ಲೆಕ್ಕ ವರ್ಷಕ್ಕೆ 6 ಲಕ್ಷ ಇತ್ತು, ಅಂದರೆ ತಿಂಗಳಿಗೆ 50,000. ಅದರಲ್ಲಿ ನಾಲ್ಕು ಸಂಬಳ, ಕರೆಂಟು, ಫಿನಾಯಿಲ್, ತಿಗಣೆ ಔಷಧಿ. ಸಾಕಾಗಲ್ಲ. ಉಳಿದದ್ದಕ್ಕೆ ಪಾಲಿಕೆ ಬಜೆಟ್‌ನಲ್ಲಿ ಪ್ರತ್ಯೇಕ ಶೀರ್ಷಿಕೆ ಕೇಳಿ.

ರಿಜಿಸ್ಟರ್ ಬಗ್ಗೆ ಒಂದೇ ಮಾತು: ಇಡೀ ಪುಟ ಒಂದೇ ಪೆನ್ನು, ಒಂದೇ ಕೈಬರಹ, ಎಲ್ಲರೂ ಬಂದದ್ದು 'ರಾ. 8.00' ಅಂತಿದ್ದರೆ ಅದು ಬೆಳಗ್ಗೆ ಕೂತು ಬರೆದದ್ದು. ರಾತ್ರಿ 11ಕ್ಕೂ ನಸುಕಿನ 4ಕ್ಕೂ ತಲೆ ಎಣಿಸಿ ಎರಡೂ ಬರೆಸಿ.

ಗೋಣಿಚೀಲ: ಸಮೀಕ್ಷೆಗೆ: ಹಗಲು ಒಮ್ಮೆ ಸುತ್ತಿ ಜಾಗಗಳನ್ನು ಗುರುತು ಹಾಕಿ. ಅಂಗಡಿ ಜಗಲಿ, ದೇವಸ್ಥಾನ–ದರ್ಗಾ ಬಾಗಿಲು, ಫ್ಲೈಓವರ್ ಕಂಬ, ಬಸ್ ನಿಲ್ದಾಣ, ಆಸ್ಪತ್ರೆ ಗೇಟು. ಎಣಿಕೆ ಇಡೀ ವಾರ್ಡಿನಲ್ಲಿ ಒಂದೇ ರಾತ್ರಿ, 11ರ ಮೇಲೆ, ಇಬ್ಬಿಬ್ಬರ ತಂಡ. ಎರಡು ರಾತ್ರಿಗೆ ಹಂಚಿದರೆ ಅದೇ ಮನುಷ್ಯ ಎರಡು ಸಲ ಬರ್ತಾನೆ. ಪೊಲೀಸ್ ಜೀಪು ಬೇಡವೇ ಬೇಡ, ಅರ್ಧ ಬೀದಿ ಎದ್ದು ಓಡುತ್ತೆ. ಮುಖಕ್ಕೆ ಟಾರ್ಚ್ ಬಿಡಬೇಡಿ, ಹೊದಿಕೆ ಎತ್ತಬೇಡಿ, ಕಾಲು ಎಣಿಸಿದರೆ ಸಾಕು. ಮಳೆಗಾಲದಲ್ಲಿ ಜನ ಮೂಲೆ ಸೇರಿ ಕಾಣಲ್ಲ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ರಾತ್ರಿ, ಅದೂ ಒಣ ಕಾಲವೇ. ಮೆಜೆಸ್ಟಿಕ್ ಕಡೆಯಾದರೆ ಬೆಳಗಿನ ಬಸ್ಸಿಗೆ ಬ್ಯಾಗ್ ತಲೆದಿಂಬು ಮಾಡಿ ಮಲಗಿದವರನ್ನು ಬಿಡಬೇಕು. 'ನಾಳೆ ರಾತ್ರಿ ಎಲ್ಲಿ?' ಅನ್ನೋ ಒಂದು ಪ್ರಶ್ನೆಗೆ ಬೇರೆಯಾಗಿಬಿಡ್ತಾರೆ. ಹೆಸರು, ಊರು, ಕೆಲಸ ಎಲ್ಲ ಮರುದಿನ ಟೀ ಹೊತ್ತಿಗೆ.

ಹೊಸಸಂಘಟಕ: ಮಾನಸಿಕ ಅಸ್ವಸ್ಥರು ಸಿಕ್ಕಿದರೆ? ಕೇರ್‌ಟೇಕರ್ ಒಳಗೆ ಬಿಡಲ್ಲ ಅಂತಾನೆ.

ರಾತ್ರಿಪಾಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಕಲಂ 100. ರಕ್ಷಣೆಗೆ ತಗೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯೋದು ಪೊಲೀಸ್ ಠಾಣೆಯ ಹೊಣೆ, ಲಾಕಪ್ಪಿಗೆ ಹಾಕುವಂತಿಲ್ಲ. ಮನೆಯಿಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ಕೂಡ ಆಗಬೇಕು. ಕಲಂ ನಂಬರ್ ಚೀಟಿಯಲ್ಲಿ ಬರೆದು ಕೇರ್‌ಟೇಕರ್ ಮೇಜಿನ ಮೇಲೆ ಅಂಟಿಸಿ. ಚಿಕಿತ್ಸೆ ಮುಗಿಸಿ ಬಂದವರಿಗೆ ಗೋಡೆ ಪಕ್ಕದ ಹಾಸಿಗೆ ಕೊಡಿ, ಬಾಗಿಲ ಹತ್ತಿರದ್ದು ಬೇಡ.