ಸಹಾಯ ಬೇಕು: ಅಪ್ಪ ಅಮ್ಮನಿಗೆ ಸಸ್ಯಾಹಾರಿ ಫ್ರೆಂಚ್ ಈರುಳ್ಳಿ ಸೂಪ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಫ್ರಾನ್ಸಿನ ಲಿಯೋನ್‌ನಲ್ಲಿ. ಮುಂದಿನ ವಾರ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಇಲ್ಲಿನ ಈರುಳ್ಳಿ ಸೂಪ್ ರುಚಿ ತೋರಿಸಬೇಕು ಅಂತ ಆಸೆ. ಆದರೆ ಇಲ್ಲಿಯವರು ಇದನ್ನು ಮಾಡುವುದು ಹೆಚ್ಚಾಗಿ ದನದ ಮೂಳೆ ಬೇಯಿಸಿದ ರಸದಲ್ಲಿ. ಅಪ್ಪ ಅಮ್ಮ ಮೊಟ್ಟೆಯನ್ನೂ ಮುಟ್ಟದವರು.

ನಿನ್ನೆ ಒಂದು ಸಲ ಮಾಡಿ ನೋಡಿದೆ. ಒಂದು ಕೆಜಿ ಈರುಳ್ಳಿ ಉದ್ದುದ್ದ ಹೆಚ್ಚಿ, ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಾಡಿಸಿದೆ. ಕಣ್ಣೀರಂತೂ ಧಾರಾಳ! ಬಣ್ಣ ಬೆಲ್ಲದ ಹಾಗೆ ಚೆನ್ನಾಗಿ ಬಂತು. ಆಮೇಲೆ ಕ್ಯಾರೆಟ್, ಸೆಲರಿ ಬೇಯಿಸಿದ ನೀರು ಹಾಕಿದೆ. ಸೂಪ್ ತೆಳ್ಳಗೆ, ಬರೀ ಸಿಹಿ. ನಮ್ಮ ಯಜಮಾನರು ಒಂದು ಚಮಚ ಕುಡಿದು, "ಇದು ಪಾಯಸ ಅಲ್ವಾ?" ಅಂದರು.

ವೈನ್ ಹಾಕಿದರೆ ಹುಳಿ ಬರುತ್ತದೆ, ಗೊತ್ತು. ಅಮ್ಮನಿಗೆ ವೈನ್ ಬೇಡ. ಬದಲಿಗೆ ವಿನೆಗರ್ ಎಷ್ಟು ಹಾಕಲಿ? ಒಣ ಅಣಬೆ ನೆನೆಸಿದ ನೀರು ಹಾಕಿದರೆ ರುಚಿ ಗಟ್ಟಿಯಾಗುತ್ತದಾ?

ಇನ್ನು ಸೂಪ್ ಮೇಲೆ ಬ್ರೆಡ್ ಇಟ್ಟು ಹಾಕುವ ಚೀಸ್. ಗ್ರುಯೇರ್, ಕೋಂತೆ ಎರಡನ್ನೂ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಗಟ್ಟಿ ಮಾಡುವ ರೆನೆಟ್ ಹಾಕಿ ಮಾಡುತ್ತಾರೆ. ಅದಿಲ್ಲದೆ ಮಾಡಿದ, ಬ್ರೆಡ್ ಮೇಲೆ ಚೆನ್ನಾಗಿ ಕರಗಿ ಕೆಂಪಗಾಗುವ ಚೀಸ್ ಯಾವುದು? ಮನೆಯಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ. ಶನಿವಾರದೊಳಗೆ ಗೊತ್ತಾದರೆ ಇನ್ನೊಂದು ಸಲ ಮಾಡಿ ನೋಡುತ್ತೇನೆ.